ನೆರಳಿಗೆ ಬಣ್ಣವುಂಟೆ?

ನೆರಳಿನ ಬಣ್ಣ ಯಾವುದೆಂದು ಯಾರನ್ನಾದರೂ ಕೇಳಿ ನೋಡಿ. ಕಪ್ಪು ಎನ್ನುವರು, ಸ್ವಲ್ಪ ಯೋಚಿಸಿ ಹೇಳುವವರು ಬೂದು ಎನ್ನುವರು. ಚಿತ್ರಕಲೆಯ ಪುಸ್ತಕಗಳನ್ನು ಓದಿಕೊಂಡವರು ಮಾತ್ರ, ಗುಟ್ಟೊಂದನ್ನು ಬಲ್ಲವರ ಗತ್ತಿನಿಂದ, ನೀಲಿ ಎನ್ನುವರು. ಕಾಲೇಜಿನಲ್ಲಿ ಭೌತವಿಜ್ಞಾನದ ಪಾಠ ಹೇಳುತ್ತ, ಬಿಡುವಿನ ವೇಳೆಯಲ್ಲಿ ಜಲವರ್ಣದ ಚಿತ್ರ ಬರೆಯುವ ನಾನು ಈ ಮೂರನೆಯ ಗುಂಪಿಗೆ ಸೇರಿದವನು. ಏಕೆ ನೀಲಿ ಎಂಬುದನ್ನು ಕರಿಹಲಗೆಯ ಮೇಲೆ ಲೆಕ್ಕಸಹಿತ ತೋರಿಸಬಲ್ಲವನಾಗಿದ್ದೆ. 2019ರ ಜುಲೈ ತಿಂಗಳ ಕೊನೆಯಲ್ಲಿ ಇಟಲಿಯ ಒಂದು ಗುಡ್ಡದ ಪಟ್ಟಣದಲ್ಲಿ ಮೂರು ದಿನ ಹೊರಗೆ ಕುಳಿತು ಚಿತ್ರ ಬರೆದಾಗ, ನನ್ನ ಆ ತಿಳಿವು ಅರ್ಧ ಮಾತ್ರವೆಂಬುದು ಬಯಲಾಯಿತು. ಅದನ್ನು ಬಯಲು ಮಾಡಿದವನು ಎಂಟೊಂಬತ್ತು ವರ್ಷದ ಒಬ್ಬ ಹುಡುಗ.

ಫ್ಲಾರೆನ್ಸ್ ನಗರದಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಸುಮಾರು 70 ಕಿಲೋಮೀಟರ್ ಹೋದರೆ ಸಿಯೆನಾ ಪಟ್ಟಣ ಸಿಕ್ಕುತ್ತದೆ. ಟಸ್ಕನಿ ಪ್ರಾಂತದ ಅನೇಕ ಹಳೆಯ ಊರುಗಳಂತೆ ಇದೂ ಗುಡ್ಡದ ನೆತ್ತಿಯನ್ನು ಹಿಡಿದು ಬೆಳೆದದ್ದು. ಮೂರು ಗುಡ್ಡದ ಏಣುಗಳು ಕೂಡುವಲ್ಲಿ ಊರಿನ ನಡುವಣ ಚೌಕವಿದೆ. ಅದರ ಹೆಸರು ಕಾಂಪೊ, ಎಂದರೆ ಹೊಲ. ಚೌಕವೆಂದೆನಾದರೂ ಅದರ ಆಕಾರ ಕಪ್ಪೆಚಿಪ್ಪಿನದು. ಕೆಂಪು ಇಟ್ಟಿಗೆಯನ್ನು ಮೀನಿನ ಮುಳ್ಳಿನ ಮಾದರಿಯಲ್ಲಿ ಹಾಸಿ, ನಡುನಡುವೆ ಬಿಳಿಯ ಕಲ್ಲಿನ ಗೆರೆಗಳನ್ನಿಟ್ಟು, ನೆಲವನ್ನು ಒಂಬತ್ತು ಹೋಳುಗಳಾಗಿ ವಿಂಗಡಿಸಿದ್ದಾರೆ. ಹಿಂದೆ ಊರನ್ನಾಳಿದ ಒಂಬತ್ತು ಜನರ ಮಂಡಲಿಯ ನೆನಪು ಅದು. ನೆಲವೆಲ್ಲ ಒಂದೇ ಕಡೆಗೆ, ಪುರಭವನದ ಬಾಗಿಲ ಕಡೆಗೆ, ಇಳಿಜಾರಾಗಿದೆ. ಆ ಪುರಭವನದ ಪಕ್ಕದಲ್ಲಿ 1338ರಿಂದ 1348ರ ವರೆಗೆ ಕಟ್ಟಿದ ಇಟ್ಟಿಗೆಯ ಗೋಪುರ ನಿಂತಿದೆ. ಅದರ ಎತ್ತರ ಸುಮಾರು 88 ಮೀಟರ್.

ಗೋಪುರವು ಚೌಕದ ದಕ್ಷಿಣದ ಬದಿಗಿರುವುದರಿಂದ ಅದರ ನೆರಳು ಚೌಕದ ಮೇಲೆಯೇ ಬೀಳುತ್ತದೆ. ಬೆಳಗಿನಿಂದ ನಡುಹಗಲಿನ ತನಕ ಅದು ದೊಡ್ಡದೊಂದು ಗಡಿಯಾರದ ಮುಳ್ಳಿನಂತೆ ಇಟ್ಟಿಗೆಯ ನೆಲವನ್ನು ಗುಡಿಸುತ್ತ ಹೋಗುವುದು. ಮೂವತ್ತು ಡಿಗ್ರಿ ದಾಟಿದ ಆ ಬಿಸಿಲಿನಲ್ಲಿ ಜನರು ನೆಲದ ಮೇಲೆ ಕುಳಿತಿರುವುದು ಆ ನೆರಳಿನ ಪಟ್ಟಿಯೊಳಗೆ ಮಾತ್ರ. ನೆರಳು ಸರಿದಂತೆಲ್ಲ ಅವರೂ ಸರಿಯುತ್ತಾರೆ. ಮೇಲಿನ ಅಂಚಿನ ಕಮಾನೊಂದರ ಕೆಳಗೆ ಕಾಗದ ಹರಡಿಕೊಂಡು ಕುಳಿತ ನಾನು ಅರ್ಧಗಂಟೆಯ ಕಾಲ ಕುಂಚವನ್ನು ಮುಟ್ಟದೆ ಈ ತಮಾಷೆಯನ್ನೇ ನೋಡಿದೆ.

ವಿದ್ಯಾರ್ಥಿಗಳಾದ ವಾಚಕರು ಇಲ್ಲೊಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಸಿಯೆನಾ ಇರುವುದು ಉತ್ತರ ಅಕ್ಷಾಂಶ 43.3 ಡಿಗ್ರಿಯಲ್ಲಿ. ಜುಲೈ 25ರ ಸುಮಾರಿಗೆ ಸೂರ್ಯನು ವಿಷುವದ್ವೃತ್ತದಿಂದ ಉತ್ತರಕ್ಕೆ 19.6 ಡಿಗ್ರಿ ಇರುತ್ತಾನೆ. ಎರಡನ್ನೂ ಕಳೆದರೆ, ನಡುಹಗಲಿನಲ್ಲಿ ಅವನು ನೆತ್ತಿಯಿಂದ 23.7 ಡಿಗ್ರಿ ದಕ್ಷಿಣಕ್ಕೆ ವಾಲಿರುವನೆಂದಾಯಿತು. 88 ಮೀಟರ್ ಗೋಪುರಕ್ಕೆ ಆಗ ಸಮತಲದ ಮೇಲೆ ಸುಮಾರು 39 ಮೀಟರ್ ನೆರಳು. ಅದೇ ಗೋಪುರವನ್ನು ಬೆಂಗಳೂರಿಗೆ ತಂದು ನಿಲ್ಲಿಸಿದರೆ ಅದೇ ದಿನದ ನಡುಹಗಲಿನ ನೆರಳು ಹತ್ತು ಮೀಟರ್ ಮಾತ್ರ. ಅದೂ ಉತ್ತರಕ್ಕಲ್ಲ, ದಕ್ಷಿಣಕ್ಕೆ! ಸಿಯೆನಾದಲ್ಲಿ ನಡುಹಗಲು ಎಂದರೆ ಗಡಿಯಾರದ ಹನ್ನೆರಡು ಗಂಟೆಯೂ ಅಲ್ಲ. ಬೇಸಿಗೆಯಲ್ಲಿ ಇಟಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ, ಸೂರ್ಯನು ಅತ್ಯಂತ ಮೇಲಕ್ಕೇರುವುದು ಒಂದೂ ಕಾಲು ಗಂಟೆ ಕಳೆದ ಮೇಲೆ. ಆ ಹೊತ್ತಿನಲ್ಲಿ ಗೋಪುರದ ನೆರಳಿನ ತುದಿ ನಿಮಿಷಕ್ಕೆ ಸುಮಾರು 40 ಸೆಂಟಿಮೀಟರ್ ಓಡುತ್ತದೆ. ನೀರಿನ ಬಟ್ಟಲಿನಲ್ಲಿ ಕುಂಚ ತೊಳೆದು ತಲೆಯೆತ್ತುವಷ್ಟರಲ್ಲಿ ಚಿತ್ರದ ವಸ್ತುವೇ ಬದಲಾಗಿರುವುದು.

ಹೊರಗೆ ಕುಳಿತು ಬರೆಯುವವನ ಮೊದಲ ತೊಂದರೆ ಇದು. ಫ್ರಾನ್ಸಿನ ಚಿತ್ರಗಾರ ವಾಲನ್ಸಿಯೆನ್ ಎಂಬವನು 1800ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ನಿಯಮ ಹಾಕಿದನು. ಪ್ರಕೃತಿಯೆದುರು ಮಾಡುವ ಅಭ್ಯಾಸ ಎರಡು ಗಂಟೆ ಮೀರಬಾರದು. ಸೂರ್ಯೋದಯ ಅಥವಾ ಸೂರ್ಯಾಸ್ತವಾದರೆ ಅರ್ಧಗಂಟೆ ಮಾತ್ರ. ಅದೇ ಪರಂಪರೆಯಲ್ಲಿ ಬಂದ ಕೊರೊ 1826ರಲ್ಲಿ ಉಂಬ್ರಿಯಾ ಪ್ರಾಂತದ ನಾರ್ನಿ ಎಂಬ ಗುಡ್ಡದ ಊರಿನ ಬಳಿ ಮುರಿದ ರೋಮನ್ ಸೇತುವೆಯೊಂದನ್ನು ಸ್ಥಳದಲ್ಲೇ ಕುಳಿತು ಬರೆದನು. ಆಮೇಲೆ ಕೋಣೆಯೊಳಗೆ ಅದನ್ನೇ ದೊಡ್ಡದಾಗಿ, ನಯವಾಗಿ ಬರೆದು 1827ರ ಪ್ಯಾರಿಸ್ ಪ್ರದರ್ಶನಕ್ಕಿಟ್ಟನು. ದೊಡ್ಡ ಚಿತ್ರ ಈಗ ಕೆನಡಾದ ಆಟವಾದಲ್ಲಿದೆ, ಸಣ್ಣದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ. ಎರಡರಲ್ಲೊಂದನ್ನು ಆರಿಸಿಕೋ ಎಂದರೆ ನಾನು ಕಣ್ಣು ಮುಚ್ಚಿ ಸಣ್ಣದನ್ನು ಎತ್ತಿಕೊಳ್ಳುವೆನು. ಅದರಲ್ಲಿ ಬಿಸಿಲಿದೆ.

ವಾಲನ್ಸಿಯೆನ್ ಹೇಳಿದಂತೆ ನಾನೂ ಮೊದಲು ನೆರಳಿನ ಅಂಚನ್ನು ಸೀಸದ ಕಡ್ಡಿಯಿಂದ ಗುರುತಿಸಿ, ಇನ್ನು ಅದು ಎಲ್ಲಿಗೆ ಓಡಿದರೂ ಓಡಲಿ ಎಂದು ಬಿಟ್ಟೆನು. ನೆರಳಿಗೆ ಅಲ್ಟ್ರಮರೀನ್ ನೀಲಿಯನ್ನು ಧಾರಾಳವಾಗಿ ಬಳಸಿದೆ. ಹಿಂದೆ ಈ ನೀಲಿಯನ್ನು ಆಫ್ಘನಿಸ್ತಾನದಿಂದ ಬರುತ್ತಿದ್ದ ಲಾಜವರ್ದ ಕಲ್ಲನ್ನು ಅರೆದು ತೆಗೆಯುತ್ತಿದ್ದರು. ಚಿತ್ರಗಾರರು ಅದನ್ನು ಚಿನ್ನದಂತೆ ಜೋಪಾನ ಮಾಡುತ್ತಿದ್ದರು. 1828ರಲ್ಲಿ ಗಿಮೆ ಎಂಬ ಫ್ರೆಂಚ್ ರಸಾಯನತಜ್ಞನು ಅದನ್ನು ಕೃತಕವಾಗಿ ತಯಾರಿಸಿರುವುದಾಗಿ ಸಾರಿದ ಮೇಲೆ ಬಡ ಉಪಾಧ್ಯಾಯನೂ ನೆರಳಿಗೆಲ್ಲ ನೀಲಿ ಬಳಿಯುವಂತಾಯಿತು. ಇದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಮುಂದೆ ನೋಡೋಣ.

ಕಾಂಪೊದಲ್ಲಿ ನನ್ನ ನೀಲಿ ಸರಿಯಾಗಿಯೇ ಕುಳಿತಿತು. ನೆರಳೆಂದರೆ ಬೆಳಕಿಲ್ಲದ ಜಾಗವಲ್ಲ, ಸೂರ್ಯನ ನೇರವಾದ ಬೆಳಕಿಲ್ಲದ ಜಾಗ. ವಿಶಾಲವಾದ ಆ ಚೌಕದಲ್ಲಿ ಗೋಪುರವು ಸೂರ್ಯನನ್ನು ಮಾತ್ರ ಮರೆಮಾಡಿತ್ತು, ಆಕಾಶವನ್ನಲ್ಲ. ಹಾಗಾಗಿ ನೆರಳಿನ ನೆಲಕ್ಕೆ ಆಕಾಶದ ಬೆಳಕು ಬೀಳುತ್ತಲೇ ಇತ್ತು. ಆಕಾಶದ ಬೆಳಕು ನೀಲಿ. ಗಾಳಿಯ ಅಣುಗಳು ಸೂರ್ಯನ ಬೆಳಕನ್ನು ಚದುರಿಸುತ್ತವೆ. ಬೆಳಕಿನ ಅಲೆಗಳು ಮೋಟಾದಷ್ಟೂ ಚದುರಿಕೆ ಹೆಚ್ಚು. 450 ನ್ಯಾನೊಮೀಟರ್ ತರಂಗದೂರದ ನೀಲಿಯು 650 ನ್ಯಾನೊಮೀಟರಿನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಚದುರುತ್ತದೆ. ಈ ನಿಯಮವನ್ನು ರ‍್ಯಾಲೆ 1871ರಲ್ಲಿ ಕಂಡುಹಿಡಿದನು. ಕೆಂಪು ಇಟ್ಟಿಗೆಯ ಮೇಲೆ ನೀಲಿ ಬೆಳಕು ಬಿದ್ದರೆ ಮಬ್ಬಾದ ನೇರಳೆ ಬರಬೇಕು. ನನ್ನ ಕಾಗದದ ಮೇಲೆ ಬಂದದ್ದೂ ಅದೇ.

ಮನೆಯಲ್ಲಿಯೇ ಇದನ್ನು ಪರೀಕ್ಷಿಸಲು ಸುಲಭವಾದ ದಾರಿಯಿದೆ. ಸಂಜೆ ಹೊತ್ತು ಮುಳುಗಿ ಇನ್ನೂ ಬೆಳಕಿರುವಾಗ, ಕಿಟಕಿಯ ಬಳಿ ಬಿಳಿಯ ಕಾಗದ ಹಾಸಿ ಅದರ ಮೇಲೆ ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿರಿ. ಕಿಟಕಿಗೆ ಎದುರಾದ ಬದಿಯಲ್ಲಿ ಮೇಣದ ಬತ್ತಿಯನ್ನು ಹಚ್ಚಿಡಿರಿ. ಎರಡು ನೆರಳು ಬೀಳುವವು. ಬತ್ತಿಯಿಂದಾದ ನೆರಳಿಗೆ ಕಿಟಕಿಯ ಬೆಳಕು ಮಾತ್ರ ಮುಟ್ಟುತ್ತದೆ. ಅದು ನೀಲಿಯಾಗಿ ತೋರುವುದು. ಕಿಟಕಿಯಿಂದಾದ ನೆರಳಿಗೆ ಬತ್ತಿಯ ಬೆಳಕು ಮಾತ್ರ, ಅದು ಹಳದಿ. ಸಂಜೆಯ ಹೊತ್ತು ಬಿಳಿಯ ಗೋಡೆಯ ಮೇಲಿನ ನೆರಳು ನೀಲಿಯಾಗುವುದನ್ನು ಲಿಯೊನಾರ್ಡೊ ದ ವಿಂಚಿ ಐದು ನೂರು ವರ್ಷಗಳ ಹಿಂದೆಯೇ ಗಮನಿಸಿ ಬರೆದಿಟ್ಟಿದ್ದಾನೆ. ಜರ್ಮನ್ ಕವಿ ಗಯಟೆಯು ಚಳಿಗಾಲದಲ್ಲಿ ಬ್ರಾಕನ್ ಪರ್ವತದಿಂದಿಳಿಯುವಾಗ ಹಿಮದ ಮೇಲಿನ ನೆರಳು ನೇರಳೆಯಾಗಿ, ಸೂರ್ಯ ಕೆಂಪೇರಿದಂತೆ ಹಸುರಾಗಿ ಕಂಡ ಬಗೆಯನ್ನು ತನ್ನ 1810ರ ವರ್ಣಶಾಸ್ತ್ರದಲ್ಲಿ ವರ್ಣಿಸಿದ್ದಾನೆ.

ಇಷ್ಟು ದೊಡ್ಡವರ ಬೆಂಬಲವಿರಲು ನನಗೇನು ಅಂಜಿಕೆ? ಮಧ್ಯಾಹ್ನ ಚೌಕವನ್ನು ಬಿಟ್ಟು ಒಂದು ಓಣಿಗೆ ಹೊಕ್ಕೆನು. ಓಣಿಯೆಂದರೆ ಎರಡು ಸಾಲು ಎತ್ತರದ ಇಟ್ಟಿಗೆಯ ಮನೆಗಳ ನಡುವಣ ಸೀಳು. ಬಲಗಡೆಯ ಗೋಡೆಯ ಮೇಲ್ಭಾಗಕ್ಕೆ ಬಿಸಿಲು ಹೊಡೆಯುತ್ತಿತ್ತು. ಎಡಗಡೆಯದು ಪೂರ್ತಿ ನೆರಳಿನಲ್ಲಿತ್ತು. ಆ ಎಡಗೋಡೆಗೆ ನೀಲಿಯನ್ನು ಬಳಿಯುತ್ತಿದ್ದಾಗ ಹಿಂದಿನಿಂದ ಬಂದ ಹುಡುಗನೊಬ್ಬ ಚಿತ್ರವನ್ನೂ ಗೋಡೆಯನ್ನೂ ಎರಡೆರಡು ಸಲ ನೋಡಿ, “ಪೆರ್ಕೆ ಬ್ಲು?” ಎಂದನು. ನೀಲಿ ಏಕೆ ಎಂದು ಅದರ ಅರ್ಥ. ನನಗೆ ಬರುವ ಇಟಾಲಿಯನ್ ಮಾತು ಹತ್ತು ಹನ್ನೆರಡಾದುದರಿಂದ, ಉತ್ತರವಾಗಿ ಆಕಾಶವನ್ನು ತೋರಿಸಿದೆ. ಅವನು ತಲೆಯೆತ್ತಿ ನೋಡಿದನು. ಮನೆಗಳ ಸೂರುಗಳ ನಡುವೆ ಅಂಗೈಯಗಲದ ಆಕಾಶ. ಮತ್ತೆ ಗೋಡೆಯನ್ನು ನೋಡಿದನು, ತಲೆಯಲ್ಲಾಡಿಸಿ ಹೊರಟುಹೋದನು.

ರಾತ್ರಿ ವಸತಿಗೃಹದಲ್ಲಿ ಚಿತ್ರವನ್ನು ಗೋಡೆಗೆ ಒರಗಿಸಿ ನೋಡಿದರೆ ಹುಡುಗನೇ ಸರಿ. ಇಟ್ಟಿಗೆಯ ಗೋಡೆ ಕಡಪದ ಕಲ್ಲಿನ ಚಪ್ಪಡಿಯಂತೆ ತಣ್ಣಗೆ ನಿಂತಿತ್ತು. ಲೆಕ್ಕ ಎಲ್ಲಿ ತಪ್ಪಿತು?

ಮರುದಿನ ಬೆಳಿಗ್ಗೆ ಕಪ್ಪು ಕಾಗದವನ್ನು ಸುರುಳಿ ಸುತ್ತಿ ಬೆರಳು ದಪ್ಪದ ಒಂದು ಕೊಳವೆ ಮಾಡಿಕೊಂಡು ಓಣಿಗೆ ಹೋದೆ. ಕೊಳವೆಯ ಪ್ರಯೋಜನವೇನೆಂದು ಕೇಳುವಿರಿ. ಬಿಳಿಯ ಬಟ್ಟೆಯನ್ನು ಹಗಲಲ್ಲಿ ನೋಡಿ, ದೀಪದ ಕೆಳಗೆ ನೋಡಿ, ಮರದ ನೆರಳಲ್ಲಿ ನೋಡಿ. ಬಿಳಿ ಎಂದೇ ತೋರುತ್ತದೆ. ಮೇಲೆ ಬೀಳುವ ಬೆಳಕಿನ ಬಣ್ಣವನ್ನು ಮನಸ್ಸು ನಮಗೆ ತಿಳಿಯದಂತೆಯೇ ಕಳೆದುಬಿಡುತ್ತದೆ. ವಸ್ತುಗಳನ್ನು ಗುರುತಿಸಲು ಇದು ಬಹಳ ಉಪಕಾರಿ. ಚಿತ್ರಗಾರನಿಗೆ ಮಾತ್ರ ಅಡ್ಡಿ. ಮನಸ್ಸು ಈ ಕಳೆಯುವ ಕೆಲಸ ಮಾಡುವುದು ಸುತ್ತಲಿನ ವಸ್ತುಗಳೊಡನೆ ಹೋಲಿಸಿ. ಕೊಳವೆಯಿಂದ ನೋಡಿದಾಗ ಸುತ್ತಲಿನದು ಮರೆಯಾಗಿ, ಗೋಡೆಯೆಂಬುದೂ ಮರೆತು, ಬಣ್ಣದ ಒಂದು ಬಿಲ್ಲೆ ಮಾತ್ರ ಉಳಿಯುತ್ತದೆ.

ಎಡಗೋಡೆಯ ನೆರಳಿನ ಕಡೆಗೆ ಕೊಳವೆ ಹಿಡಿದೆ. ಕಂಡದ್ದು ನೀಲಿಯಲ್ಲ, ನೇರಳೆಯೂ ಅಲ್ಲ. ಕೆಂಡದ ಮೇಲೆ ತೆಳ್ಳಗೆ ಬೂದಿ ಕವಿದಾಗ ತೋರುವಂಥ ಕಿತ್ತಳೆ. ಬಿಸಿಲು ಬಿದ್ದ ಇಟ್ಟಿಗೆಗಿಂತಲೂ ನೆರಳಿನ ಇಟ್ಟಿಗೆಯ ಬಣ್ಣ ಗಾಢ! ಒಂದು ಕ್ಷಣ ಪೆಚ್ಚಾದೆನು. ಆಮೇಲೆ ಕಾರಣ ಹೊಳೆಯಿತು, ಮತ್ತು ಅದು ಎಂಥ ಸುಲಭದ ಕಾರಣವೆಂದು ನಾಚಿಕೆಯೂ ಆಯಿತು. ಎಡಗೋಡೆಯು ನೋಡುತ್ತಿದ್ದುದು ಆಕಾಶವನ್ನಲ್ಲ, ಬಲಗೋಡೆಯನ್ನು. ನಡುಬೇಸಿಗೆಯ ಬಿಸಿಲು ಬಿದ್ದ ಇಟ್ಟಿಗೆ ಹೊಳಪಿನಲ್ಲಿ ನೀಲಿ ಆಕಾಶಕ್ಕೆ ಏನೂ ಕಡಿಮೆಯಲ್ಲ; ಓಣಿಯಲ್ಲಿ ಅದು ಆವರಿಸಿದ ಜಾಗವಂತೂ ಆಕಾಶದ ಪಟ್ಟಿಗಿಂತ ಎಷ್ಟೋ ಹೆಚ್ಚು. ನೆರಳಿಗೆ ದೀಪ ಹಿಡಿದಿದ್ದುದು ಎದುರುಮನೆಯ ಗೋಡೆ.

ಬಣ್ಣ ಗಾಢವಾದುದೇಕೆ? ತಮ್ಮ ಮೇಲೆ ಬಿದ್ದ ನೂರು ಪಾಲು ಕೆಂಪು ಬೆಳಕಿನಲ್ಲಿ ನಲವತ್ತನ್ನೂ, ನೂರು ಪಾಲು ನೀಲಿಯಲ್ಲಿ ಹತ್ತನ್ನೂ ಇಟ್ಟಿಗೆಗಳು ಹಿಂದಿರುಗಿಸುತ್ತವೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಬಲಗೋಡೆಯಿಂದ ಹೊರಟಾಗ ಕೆಂಪು 40, ನೀಲಿ 10, ನಾಲ್ಕಕ್ಕೆ ಒಂದು. ಎಡಗೋಡೆಗೆ ತಾಗಿ ಮತ್ತೆ ಹೊರಟಾಗ ಕೆಂಪು 16, ನೀಲಿ 1, ಹದಿನಾರಕ್ಕೆ ಒಂದು. ಬೆಳಕು ಕುಗ್ಗಿತು, ಆದರೆ ಕೆಂಪು ಮಾಗಿತು. ಅದೇ ಓಣಿಯ ನೆಲಕ್ಕೆ ಬೂದುಬಣ್ಣದ ಕಲ್ಲು ಹಾಸಿದ್ದರು. ಕೊಳವೆಯನ್ನು ಕೆಳಕ್ಕೆ ತಿರುಗಿಸಿದರೆ ಅಲ್ಲಿ ನೀಲಿ! ನೆಲ ಮೇಲ್ಮುಖವಾಗಿ ಆ ಅಂಗೈಯಗಲದ ಆಕಾಶವನ್ನೇ ನೋಡುತ್ತಿತ್ತು. ಒಂದೇ ನೆರಳು, ಎರಡು ಬಣ್ಣ.

ಹೀಗಾಗಿ ಎರಡನೆಯ ದಿನದ ಚಿತ್ರದಲ್ಲಿ ಅಲ್ಟ್ರಮರೀನನ್ನು ನೆಲಕ್ಕಷ್ಟೇ ಬಿಟ್ಟು, ಗೋಡೆಗೆ ಆ ಊರಿನ ಹೆಸರನ್ನೇ ಹೊತ್ತ ಬಣ್ಣವನ್ನು ತೆಗೆದುಕೊಂಡೆ. ಅಂಗಡಿಗಳಲ್ಲಿ ಸಿಯೆನಾ ಎಂದೇ ಮಾರುವ ಈ ಬಣ್ಣ ಒಂದು ಬಗೆಯ ಮಣ್ಣು. ಊರಿಗೆ ದಕ್ಷಿಣದಲ್ಲಿ ಸುಮಾರು 50 ಕಿಲೋಮೀಟರ್ ದೂರದ ಅಮಿಯಾತ ಎಂಬ ಆರಿಹೋದ ಜ್ವಾಲಾಮುಖಿಯ ತಪ್ಪಲಿನಲ್ಲಿ ಹಿಂದೆ ಅದನ್ನು ಅಗೆಯುತ್ತಿದ್ದರು. ಹಸಿಯ ಸಿಯೆನಾ ಹಳದಿ ಛಾಯೆಯ ಕಂದು. ಅದಕ್ಕೆ ಬಣ್ಣ ಬರುವುದು ಗಯಟೆಯ ಹೆಸರನ್ನೇ ಇಟ್ಟಿರುವ ಗೋಥೈಟ್ ಎಂಬ ಖನಿಜದಿಂದ. ಕಬ್ಬಿಣ, ಆಕ್ಸಿಜನ್ನುಗಳ ಜೊತೆಗೆ ಹೈಡ್ರೊಜನ್ ಕೂಡ ಅದರಲ್ಲಿ ಸೇರಿದೆ. ಮಣ್ಣನ್ನು ಹುರಿದರೆ ಇದು ನೀರಾಗಿ ಹೊರಟುಹೋಗುತ್ತದೆ. ಗೋಥೈಟಿನ ತೂಕದಲ್ಲಿ ಹತ್ತರಲ್ಲೊಂದು ಪಾಲು ಹಾಗೆ ಆವಿಯಾಗಿ, ಉಳಿಯುವುದು ಕೆಂಪು ಹೆಮಟೈಟ್. ಇದೇ ಸುಟ್ಟ ಸಿಯೆನಾ, ಅಂಗಡಿಯ ಭಾಷೆಯಲ್ಲಿ ಬರ್ನ್ಟ್ ಸಿಯೆನಾ. ಇಟ್ಟಿಗೆಯ ಗೂಡಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ ಕ್ರಿಯೆ. ಮಂಗಳೂರು ಹೆಂಚು ಕೆಂಪಾಗಿರುವುದೂ, ಸಂಡೂರಿನ ಬೆಟ್ಟಗಳ ಅದುರು ಕೈಗೆ ಕೆಂಪು ಹತ್ತಿಸುವುದೂ ಹೆಮಟೈಟಿನಿಂದಲೇ. ನನ್ನ ಕುಂಚದ ತುದಿಯಲ್ಲಿದ್ದ ವಸ್ತುವೂ ಎದುರಿನ ಗೋಡೆಯಲ್ಲಿದ್ದ ವಸ್ತುವೂ ಒಂದೇ ಎಂದಮೇಲೆ ಬಣ್ಣ ಹೊಂದದೆ ಏನಾದೀತು?

ಆದರೂ ಕೆಲಸ ಸುಸೂತ್ರವಾಗಿ ನಡೆಯಲಿಲ್ಲ. ಜಲವರ್ಣವೆಂದರೆ ನುಣ್ಣಗೆ ಅರೆದ ಬಣ್ಣವನ್ನು ಜಾಲಿಯ ಜಾತಿಯ ಮರದ ಗೋಂದಿನಲ್ಲಿ ಕಲಸಿದ್ದು. ಒಣಹವೆಯಲ್ಲಿ ಕಾಗದದ ಮೇಲಿನ ನೀರು ನೋಡನೋಡುತ್ತ ಆರಿಹೋಗಿ, ಒಂದು ಬಳಿತದ ಅಂಚು ಇನ್ನೊಂದನ್ನು ಕೂಡುವ ಮೊದಲೇ ಗೆರೆಗಟ್ಟುತ್ತದೆ. ಬಣ್ಣ ತಯಾರಿಸುವವರು ಗೋಂದಿಗೆ ಜೇನುತುಪ್ಪವನ್ನೋ ಗ್ಲಿಸರಿನ್ನನ್ನೋ ಸೇರಿಸುವುದುಂಟು. ಅವು ತೇವವನ್ನು ಹಿಡಿದಿಡುತ್ತವೆ. ನಾನೂ ವಸತಿಗೃಹದ ಉಪಾಹಾರದ ಮೇಜಿನಿಂದ ಒಂದು ಚಮಚ ಜೇನನ್ನು ತಂದು ನೀರಿಗೆ ಬೆರೆಸಿದೆ. ಗೆರೆಗಳು ಕಡಿಮೆಯಾದವು, ಇರುವೆಗಳು ಬಂದವು.

ಬಿಸಿಲಿನಲ್ಲಿ ಕುಳಿತು ಬರೆಯಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಬಿಸಿಲಿಗೆ ಹಿಡಿದ ಕಾಗದದ ಮೇಲೆ ಯಾವ ಕಪ್ಪು ಬಣ್ಣವೂ ಬೆಳಗಿ ಕಾಣುವುದರಿಂದ ಕೈ ತಾನಾಗಿ ಗಾಢವಾಗಿ ಬಳಿಯುತ್ತದೆ. ಮನೆಯೊಳಗೆ ತಂದಾಗ ಚಿತ್ರ ಕತ್ತಲೆಯಾಗಿರುತ್ತದೆ. ಎಷ್ಟು ಎಚ್ಚರಪಟ್ಟರೂ ಬಿಸಿಲನ್ನು ಇದ್ದಂತೆ ಕಾಗದಕ್ಕೆ ಇಳಿಸುವುದು ಸಾಧ್ಯವಿಲ್ಲ. ಬಿಸಿಲಿನ ಗೋಡೆಗೂ ಅದರಲ್ಲಿನ ಬಾಗಿಲ ಒಳಗತ್ತಲೆಗೂ ಹೊಳಪಿನಲ್ಲಿ ನೂರಾರು ಪಟ್ಟು ಅಂತರವಿದ್ದರೆ, ಬಿಳಿಯ ಕಾಗದಕ್ಕೂ ಅದರ ಮೇಲಿನ ಅತ್ಯಂತ ಕಪ್ಪು ಬಣ್ಣಕ್ಕೂ ಇರುವ ಅಂತರ ಇಪ್ಪತ್ತು ಮೂವತ್ತು ಪಟ್ಟು ಮಾತ್ರ. 1870ರ ದಶಕದ ಆರಂಭದಲ್ಲಿ ಹೆಲ್ಮ್‌ಹೋಲ್ಟ್ಸ್ ಚಿತ್ರಕಲೆಯನ್ನು ಕುರಿತು ಕೊಟ್ಟ ಉಪನ್ಯಾಸಗಳಲ್ಲಿ ಈ ಮಾತನ್ನೇ ವಿವರಿಸಿದನು. ಹೊಳಪಿನಲ್ಲಿ ಸೋತ ಚಿತ್ರಗಾರನು ಬಣ್ಣದಲ್ಲಿ ಗೆಲ್ಲಬೇಕು. ನೆರಳಿನ ಬಣ್ಣಕ್ಕೆ ಇಷ್ಟು ಒದ್ದಾಡುವುದು ಅದಕ್ಕಾಗಿಯೇ.

ನಡುಹಗಲಿನ ಸೆಕೆಯಲ್ಲಿ ಪುರಭವನದೊಳಗೆ ಹೋಗಿ ಲೊರೆಂಜೆಟ್ಟಿಯು 1338-39ರಲ್ಲಿ ಬರೆದ ಭಿತ್ತಿಚಿತ್ರಗಳನ್ನು ನೋಡಿದೆ. ಒಳ್ಳೆಯ ಆಡಳಿತದಲ್ಲಿ ಊರೂ ಹೊಲಗದ್ದೆಗಳೂ ಹೇಗಿರುವುವೆಂದು ತೋರಿಸುವ ವಿಸ್ತಾರವಾದ ಚಿತ್ರ ಅದು. ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಗುಡ್ಡ. ದೂರ ಹೋದಂತೆ ಎಲ್ಲ ಚಿಕ್ಕದಾಗುತ್ತದೆ, ನೀಲಿಯಾಗುವುದಿಲ್ಲ. ಅದೇ ಟಸ್ಕನಿಯಲ್ಲಿ ಹುಟ್ಟಿದ ಲಿಯೊನಾರ್ಡೊ, ನೂರೈವತ್ತು ವರ್ಷಗಳ ಮೇಲೆ, ಐದು ಪಟ್ಟು ದೂರದ ಕಟ್ಟಡವನ್ನು ಐದು ಪಟ್ಟು ನೀಲಿಯಾಗಿ ಬರೆ ಎಂದು ಲೆಕ್ಕವನ್ನೇ ಕೊಟ್ಟನು.

ಮೂರನೆಯ ದಿನ ಸಂಜೆ ಆ ನೀಲಿಯನ್ನು ಹಿಡಿಯಲೆಂದು ಪುರಭವನದ ಹಿಂಬದಿಯ ಹಳೆಯ ಮಾರುಕಟ್ಟೆಯ ಬಯಲಿಗೆ ಹೋದೆ. ಅಲ್ಲಿ ಊರು ತಟ್ಟನೆ ಮುಗಿದು, ಕಾಲ ಕೆಳಗೆ ಹಸುರು ಕಣಿವೆ, ಅದರಾಚೆ ಬೋಳು ಜೇಡಿಯ ದಿಬ್ಬಗಳು. ಗಾಳಿ ತಿಳಿಯಾಗಿತ್ತು. ಎಲ್ಲಕ್ಕಿಂತ ಹಿಂದೆ 1738 ಮೀಟರ್ ಎತ್ತರದ ಅಮಿಯಾತ, ಬಣ್ಣ ತೊಳೆದ ನೀರಿನಂಥ ನಸುನೀಲಿಯಾಗಿ ತೋರಿತು. ನನಗೂ ಬೆಟ್ಟಕ್ಕೂ ನಡುವೆ ಇದ್ದ ಐವತ್ತು ಕಿಲೋಮೀಟರ್ ಗಾಳಿ ಬಿಸಿಲಿನಲ್ಲಿ ತಾನೇ ಬೆಳಗುತ್ತಿತ್ತು. ಆಕಾಶದ ಒಂದು ತುಂಡನ್ನೇ ಬೆಟ್ಟದ ಮುಂದೆ ಇಳಿಬಿಟ್ಟಂತೆ. ಹಳದಿ ಕೆಂಪು ಮಣ್ಣನ್ನು ಲೋಕಕ್ಕೆಲ್ಲ ಕೊಟ್ಟ ಬೆಟ್ಟವನ್ನು ಬರೆಯಲು ನನ್ನ ಪೆಟ್ಟಿಗೆಯಿಂದ ಆ ಮಣ್ಣನ್ನು ಮುಟ್ಟಲೇ ಇಲ್ಲ. ನೀಲಿಯನ್ನು ಕಂಡು ಅದು ಯಾವುದರ ನೀಲಿ ಎಂದು ಕೇಳಿದವರಲ್ಲಿ ನಮ್ಮ ರಾಮನ್ನರನ್ನು ನೆನೆಯದಿರುವಂತಿಲ್ಲ. 1921ರಲ್ಲಿ ಯೂರೋಪಿನಿಂದ ಹಡಗಿನಲ್ಲಿ ಮರಳುವಾಗ, ಸಮುದ್ರದ ನೀಲಿಯು ಆಕಾಶದ ಪ್ರತಿಬಿಂಬವೆಂಬ ಮಾತನ್ನು ಹಾಗೆಯೇ ನಂಬದೆ, ನಿಕಲ್ ಪಟ್ಟಕದ ಮೂಲಕ ಪ್ರತಿಬಿಂಬದ ಹೊಳಪನ್ನು ಅಡಗಿಸಿ ನೀರನ್ನು ನೋಡಿದರು. ನೀಲಿ ಉಳಿದೇ ಇತ್ತು.

ಚಿತ್ರ ಮುಗಿಯುವ ಹೊತ್ತಿಗೆ ಓಣಿಯ ಹುಡುಗ ಮತ್ತೆ ಪ್ರತ್ಯಕ್ಷನಾದನು. ಹಿಂದಿನ ದಿನದ ಚಿತ್ರವನ್ನು ತೆಗೆದು ಅವನ ಮುಂದೆ ಹಿಡಿದೆ. ಗೋಡೆಯನ್ನು ನೋಡಿ ತಲೆದೂಗಿದನು. ನೆಲದ ನೀಲಿಯನ್ನು ಬೆರಳಿನಿಂದ ತೋರಿಸಿ ಹುಬ್ಬು ಗಂಟಿಕ್ಕಿದನು. ಕಪ್ಪು ಕೊಳವೆಯನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಕಲ್ಲುಹಾಸಿನ ಕಡೆಗೆ, ಕಣಿವೆಯ ಕಡೆಗೆ, ಬೆಟ್ಟದ ಕಡೆಗೆ ಹಿಡಿದು ಬಹಳ ಹೊತ್ತು ನೋಡಿದನು. ಕೊನೆಗೆ ನನ್ನ ಕಡೆಗೆ ತಿರುಗಿಸಿ ನಗುತ್ತ “ರೊಸ್ಸೊ!” ಎಂದನು. ಕೆಂಪು ಎಂದರ್ಥ. ಅವನ ಬೆರಳು ನನ್ನ ಬಿಳಿಯ ಅಂಗಿಯ ನೆರಳಿನ ಮಗ್ಗುಲನ್ನು ತೋರಿಸುತ್ತಿತ್ತು. ಆ ಮಗ್ಗುಲಿಗೆ ಎರಡು ಮಾರು ದೂರದಲ್ಲಿ, ಸಂಜೆಯ ಬಿಸಿಲು ಹೊಡೆಯುತ್ತಿದ್ದ ಇಟ್ಟಿಗೆಯ ಗೋಡೆಯಿತ್ತು.